ಮೂಲೆಯ ಕೋಣೆಯ ಗೋಡೆ

ಜೂನ್ 3, ಸೋಮವಾರ

ಬೆಳಿಗ್ಗೆಯೇ ಪ್ಲಗ್ ಪಾಯಿಂಟಿಗೆ ಜಗಳ. ಎಲ್ಲರಿಗೂ ಕಿಟಕಿ ಪಕ್ಕವೇ ಬೇಕು. ಗಾಜಿನ ಕಟ್ಟಡದಿಂದ ಈ ಹಳೆಯ ಹೆರಿಗೆ ಆಸ್ಪತ್ರೆಗೆ ಆಫೀಸು ಬಂದು ವಾರವಾಯಿತು. ಎಷ್ಟು ಒರೆಸಿದರೂ ಫಿನಾಯಿಲ್ ವಾಸನೆ. ಇಂಟೀರಿಯರ್ ಕಂಪನಿ ಅಲ್ಲವೇ—ನಮ್ಮ ಆಫೀಸಿನ ಪ್ಲಾನೂ ನನ್ನ ತಲೆಗೇ. ಬಾಸ್‌ಗೆ ದೊಡ್ಡ ಮೀಟಿಂಗ್ ರೂಮ್ ಬೇಕು. ಮೂಲೆಯ ಕೋಣೆಯ ಗೋಡೆ ಹೋಗಬೇಕು.

ಆ ಕೋಣೆಯಲ್ಲಿ ಅಳತೆಗೆ ಟೇಪ್ ಹಿಡಿದಾಗ ಮೈ ಜುಮ್ಮೆಂದಿತು. ಎಸಿ ಇನ್ನೂ ಹಾಕಿಸಿಲ್ಲ. ಆದರೂ ಚಳಿ.

ಜೂನ್ 11

ಕನ್ನಡಕ ಮರೆತು ಹೋಗಿದ್ದೆ. ಅಮ್ಮ ತಂದುಕೊಟ್ಟಳು. ಹೊಸ ಆಫೀಸಿಗೆ ಮೊದಲ ಸಲ ಬಂದವಳು, ಯಾರನ್ನೂ ಕೇಳದೆ ನೆಟ್ಟಗೆ ಮೂಲೆಯ ಕೋಣೆಗೆ ನಡೆದಳು.

“ನಿನಗೊಬ್ಬಳು ಅಕ್ಕ ಇದ್ದಳು ಕಣೆ. ಇಲ್ಲೇ ಹುಟ್ಟಿದ್ದು. ಒಂದೇ ಸಲ ಅತ್ತಿದ್ದು ಕೇಳಿಸ್ತು. ನರ್ಸ್ ಎತ್ಕೊಂಡು ಹೋದ್ಲು. ಉಳೀಲಿಲ್ಲ ಅಂದ್ರು, ಅಷ್ಟೇ. ಮುಖಾನೂ ತೋರಿಸಲಿಲ್ಲ.”

ಇಷ್ಟು ವರ್ಷ ಒಬ್ಬಳೇ ಮಗಳು ಅಂದುಕೊಂಡಿದ್ದೆ...

ಜೂನ್ 13

ಗೋಡೆ ಬಿಡೋಣ ಸರ್ ಎಂದೆ. ಕಾರಣವನ್ನೂ ಹೇಳಿದೆ. ಬಾಸ್ ಪ್ಲಾನ್ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ಬೇಜಾರಾಗುತ್ತಮ್ಮ. ಆದ್ರೆ ಇದಕ್ಕೆಲ್ಲ ಪ್ಲಾನ್‌ನಲ್ಲಿ ಎಲ್ಲಿ ಜಾಗ ಮಾಡೋದು?”

ಅಮ್ಮನದು ಒಂದೇ ಹಟ. “ಒಡೆಯೋಕೆ ಮುಂಚೆ ಒಂದ್ಸಲ ಕೂತು ಬರ್ತೀನಿ.”

ಜೂನ್ 16, ಭಾನುವಾರ

ಕೀ ಇಸಿದುಕೊಂಡು ಅಮ್ಮನನ್ನು ಕರೆದೊಯ್ದೆ. ಇಡೀ ಆಫೀಸು ಖಾಲಿ. ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಜೋಗುಳ. ನನಗೆ ಯಾವತ್ತೂ ಹಾಡಿದವಳಲ್ಲ. ಹೊಟ್ಟೆಕಿಚ್ಚಾಯಿತು—ಸತ್ತ ಕೂಸಿನ ಮೇಲೆ!

ಬಹಳ ಹೊತ್ತಾದ ಮೇಲೆ ಹೊರಬಂದಳು. “ಬಾ ಮಗಳೇ, ಮನೆಗೆ ಹೋಗೋಣ.”

ಹೂಂ ಎಂದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಜೂನ್ 20

ಗೋಡೆ ಬಿತ್ತು. “ಎಷ್ಟು ಬೆಳಕು ನೋಡಿ!” ಎಂದರು ಬಾಸ್. ನಿಜ. ಚಳಿಯೂ ಇಲ್ಲ. ಹತ್ತರಲ್ಲಿ ಹನ್ನೊಂದು ಆಫೀಸು, ಅಷ್ಟೇ.

ಜೂನ್ 29

ಬರೆಯಲು ಮನಸ್ಸಿರಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ತುಂಬ ಚೆನ್ನಾಗಿದ್ದಾಳೆ. ಬಾಗಿಲಲ್ಲಿ ಸಿಕ್ಕ ಪಕ್ಕದ ಮನೆಯಾಕೆ ಕೇಳಿದರು: “ನೆಂಟರು ಬಂದಿದ್ದಾರಾ? ನೀವು ಆಫೀಸಿಗೆ ಹೋದ್ಮೇಲೆ ಮನೇಲಿ ಒಂದೇ ನಗು.”

ನೆಂಟರು ಯಾರೂ ಬಂದಿಲ್ಲ ಎಂದೆ. ಆಕೆ ನಂಬಲಿಲ್ಲ.

ಜೂನ್ 30, ಭಾನುವಾರ, ಮಧ್ಯಾಹ್ನ

ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಾಳೆ. ಅವಳ ಫೋನು ಇಲ್ಲೇ, ನನ್ನ ಮೇಜಿನ ಮೇಲಿದೆ. ನಾನು ಬರೆಯುತ್ತಲೇ ಇದ್ದೇನೆ. ಬರೆಯುತ್ತಿದ್ದರೆ ತಿರುಗಿ ನೋಡಬೇಕಾಗಿಲ್ಲ.

“ಅಲ್ಲೇ ಕೂತಿದ್ದಾಳಲ್ಲ, ನಿನ್ನ ತಂಗಿ. ಹೋಗು, ಮಾತಾಡಿಸು. ಪಾಪ, ಅವಳಿಗೂ ಯಾರೂ ಇಲ್ಲ.”

ಬಾಗಿಲು ತೆರೆಯಿತು. ಅಮ್ಮನಿಗೆ ಮಂಡಿನೋವು, ಕಾಲೆಳೆದು ನಡೆಯುತ್ತಾಳೆ. ಈ ಹೆಜ್ಜೆ ಹಗುರ. ನನ್ನ ಕುರ್ಚಿಯ ಹಿಂದೆ ಬಂದು