ನಿಮ್ಮ ತಲೆಯ ಮೇಲಿನ ಫ್ಯಾನು

ಅಪ್ಪಾ,

ನಿಮ್ಮ ಮಂಚದ ಪಕ್ಕದ ಚಾಪೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕುಳಿತು ಅಂದೆನಷ್ಟೆ, ಕುಳಿತಲ್ಲಿ ಕೂರಲಾಗುತ್ತಿಲ್ಲ. ಎದ್ದು ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಹೋದೆನೆಂದು ಮರೆತು ವಾಪಸು ಬರುತ್ತೇನೆ. ಬೆಳಗಿನಿಂದ ನೀವು ನನ್ನೊಡನೆ ಒಂದು ಮಾತೂ ಆಡಿಲ್ಲ. ಸಿಟ್ಟೇ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಕಾಗದ.

ಕಳೆದ ವಾರ ನರ್ಸು ನಿಮ್ಮ ನಾಡಿ ನೋಡಿ ನನ್ನನ್ನು ಹೊರಗೆ ಕರೆದಳು. "ಈ ತಗಡಿನ ಸೂರಿನ ಕೆಳಗೆ ರಾತು ಬೇಯ್ತಾ ಇದಾರೆ, ವಿನಾಯಿಸಿ. ಕೋಣೆ ತಂಪು ಮಾಡ್ತೀಯೋ, ಇಲ್ಲ ಆಸ್ಪತ್ರೆಗೆ ಸಾಗಿಸ್ಲೋ?" ಒಳಗಿನಿಂದ ನೀವೇ ಉತ್ತರ ಕೊಟ್ಟಿರಿ: "ಈ ಕೋಣೆಯಿಂದ ನಾನು ಹೊರಡೋದು ಒಂದೇ ಸಲ." ಕುಲದ ಹಿರಿಯರಾದ ರಾತು, ನೀವೇ ಹೇಳಿದ ಮೇಲೆ ಮುಗಿಯಿತು. ಆ ಒಂದು ಸಲ ಈ ಬೇಸಿಗೆಯಲ್ಲೇ ಬಂದುಬಿಟ್ಟರೆ ಎಂಬ ಹೆದರಿಕೆ ನನಗೆ ಹತ್ತಿದ್ದು ಆಗಲೇ.

ನೆಲದ ಮೇಲೆ ನಿಲ್ಲಿಸುವ ಫ್ಯಾನು ತಂದರೆ ಎದೆಗೇ ಗಾಳಿ ಬಡಿದು ನಿಮಗೆ ಕೆಮ್ಮು ಹತ್ತಿತು. ಉಳಿದದ್ದು ಸೂರಿನ ಫ್ಯಾನು. ಒಂದು ತೊಲೆಯನ್ನು ಗೆದ್ದಲು ತಿಂದಿದೆ, ಗಟ್ಟಿಯಾದ ಇನ್ನೊಂದು ಸರಿಯಾಗಿ ನಿಮ್ಮ ತಲೆಯ ಮೇಲಿದೆ. ಅಜ್ಜನ ಮಂಚ, ಸರಿಸಲು ನೀವು ಬಿಡುವುದಿಲ್ಲ. ನಿಮ್ಮ ತಲೆಯ ಮೇಲಿನ ಗೂಟದಿಂದ ಬೀಸಣಿಗೆ ತೆಗೆಯಬೇಕಾದರೂ "ತುಲೌ" ಎಂದು ಕ್ಷಮೆ ಕೇಳಿ ಕೈ ಎತ್ತುವವರು ನಾವು. ಅಂಥ ಕಡೆ ಇಡೀ ದಿನ ತಿರುಗುವ ರೆಕ್ಕೆಗಳನ್ನು ತೂಗುಹಾಕುವುದೆಂದರೇನು?

ತಾವುವಾ ಪೇಟೆಯ ಅಂಗಡಿಯಲ್ಲಿ ದೀಪ ಇರುವ ದೊಡ್ಡ ಫ್ಯಾನು ತೋರಿಸಿದರು. ದೀಪ ಇನ್ನಷ್ಟು ಕೆಳಗೆ ಇಳಿಯುತ್ತದೆ, ಬೇಡವೆಂದೆ. ನಿಮ್ಮ ತಲೆಯಿಂದ ಆದಷ್ಟು ದೂರವಿರಲೆಂದು ಸೂರಿಗೇ ಅಂಟಿಕೊಳ್ಳುವ ಪುಟ್ಟದೊಂದನ್ನು ಎತ್ತಿಕೊಂಡೆ. ಜೊತೆಗೆ ಬಂದಿದ್ದ ವೈರಿಂಗ್ ಕೆಲಸದ ಸುಬರ್ಮನಿ ನಕ್ಕ. "ಅಕ್ಕಾ, ಇದು ಬಹಳ ಮರ್ಯಾದೆ ಇರೋ ಫ್ಯಾನು, ಗಾಳಿನೇ ಬಿಡಲ್ಲ. ಒಂದು ಗೇಣಾದ್ರೂ ಕೆಳಗಿಳೀಬೇಕು." ಕೊನೆಗೆ ಗೇಣುದ್ದದ ಸರಳು, ಅಗಲವಾದ ಮೂರು ರೆಕ್ಕೆ ಇರುವುದನ್ನು ತಂದೆ. ಮಲಗಿದವರ ಕಣ್ಣಿಗೆ ಕಾಣದಿರಲೆಂದು ತಗಡಿನ ಕೆಳಗೆ ಬಡಿದ ಹಲಗೆಯ ಬಿಳಿ ಬಣ್ಣದ್ದನ್ನೇ ಹುಡುಕಿದೆ.

ಇವತ್ತು ಬೆಳಿಗ್ಗೆ ತಂತಿ ಎಳೆದು ರೆಕ್ಕೆ ಜೋಡಿಸಿದ ಸುಬರ್ಮನಿ, ಸ್ಟೂಲು ಹತ್ತು ಎಂದರೆ ಬಾಗಿಲಲ್ಲೇ ಕುಕ್ಕರಿಸಿದ. "ರಾತು ತಲೆ ಮೇಲೆ ನಿಂತೆ ಅಂದ್ರೆ ಸತ್ತಿರೋ ನಮ್ಮಪ್ಪ ಎದ್ದು ಬಂದು ಒದೀತಾನೆ." ನನ್ನ ತಮ್ಮ ಎಪೇಲಿಗೆ ಇದ್ದಕ್ಕಿದ್ದಂತೆ ಗೆಣಸಿನ ತೋಟದ ಕೆಲಸ ನೆನಪಾಯಿತು. ನಿಮ್ಮ ಅಪ್ಪಣೆ ಕೇಳಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕಣ್ಣು ಮುಚ್ಚಿದಿರಿ.

ನಾನೇ ಹತ್ತಿದೆ. ತುಲೌ, ತುಲೌ ಎನ್ನುತ್ತಲೇ ಫ್ಯಾನನ್ನು ಕೊಕ್ಕೆಗೆ ಸಿಕ್ಕಿಸಿದೆ. ಸುಬರ್ಮನಿ ಬಾಗಿಲಿನಿಂದ "ಬಲಕ್ಕೆ ತಿರುಗ್ಸಕ್ಕಾ" ಎಂದು ಪಿಸುಗುಟ್ಟುತ್ತಿದ್ದ. ಬೆವರಿದ ಕೈಯಿಂದ ಒಂದು ಬೋಲ್ಟು ಜಾರಿ ನಿಮ್ಮ ಕಿವಿಯ ಪಕ್ಕದಲ್ಲೇ ದಿಂಬಿಗೆ ಬಿತ್ತು.

ನೀವು ಗೊರಕೆ ಹೊಡೆದಿರಿ. ಬೀದಿಗೆ ಕೇಳುವಷ್ಟು ಜೋರಾಗಿ.

ಅಮ್ಮ ಹೇಳುತ್ತಿದ್ದಳು: "ನಿಮ್ಮಪ್ಪ ಮಲಗಿದ್ರೆ ಸದ್ದೇ ಇಲ್ಲ, ಮೂಗಿನ ಹತ್ರ ಕೈ ಇಟ್ಟು ನೋಡ್ಬೇಕು." ನಾನೂ ನಿಮ್ಮ ಗೊರಕೆ ಕೇಳಿದ್ದು ಇದೇ ಮೊದಲು. ಏನೂ ಕಾಣದವರಂತೆ ನನಗಾಗಿಯೇ ಹೊಡೆದದ್ದಲ್ಲವೇ ಅದು? ಸ್ಟೂಲಿನ ಮೇಲೆ ನಿಂತೇ ಅತ್ತುಬಿಟ್ಟೆ, ಅಪ್ಪಾ. ಹನಿ ನಿಮ್ಮ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡೆ.

ಈಗ ಫ್ಯಾನು ತಿರುಗುತ್ತಿದೆ. ನಿಮ್ಮ ಹೊದಿಕೆಯ ಅಂಚು ಅಲುಗುತ್ತಿದೆ. ನೀವು ಸದ್ದಿಲ್ಲದೆ ಮಲಗಿದ್ದೀರಿ. ಬರೆಯುವುದನ್ನು ನಿಲ್ಲಿಸಿ ಎದ್ದು ನಿಮ್ಮ ಮೂಗಿನ ಬಳಿ ಕೈಯಿಟ್ಟು ನೋಡಿದೆ. ಉಸಿರು ಬೆಚ್ಚಗೆ ಬೆರಳಿಗೆ ತಾಗಿತು.

ನಿಮ್ಮ ತಲೆ ತಣ್ಣಗಿರಲಿ. ತುಲೌ.

ನಿಮ್ಮ ಮಗಳು,
ವಿನಾಯಿಸಿ