ಅಜ್ಜನ ಕಾರಿಗೆ ಕಟ್ಟಿದ ಟಾರ್ಪಾಲು

ಆನ್‌ಸ್ಟ್ರದರ್, ಭಾನುವಾರ

ಫರ್ಗಸ್,

ಅಷ್ಟು ಓದಿದವನಿಗೆ ಬಾಯಿಗೆ ಬೀಗ ಹಾಕುವುದನ್ನು ಯಾರೂ ಕಲಿಸಲಿಲ್ಲವೇ? ಬಿಡಿಭಾಗ ತರಿಸಿ ನೀನೇ ಜೋಡಿಸುತ್ತಿರುವ ಕಿಟ್ ಕಾರಿಗೆ ಎಂಜಿನ್ ಬೇಕೆಂದು ಅಜ್ಜನ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಬಂದೆ, ಸರಿ. ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿದೆ, ಅದು ಬಿಸ್ಕತ್ತಿನ ಹಾಗೆ ಉದುರಿತು. ಅದೂ ಸರಿ. "ಎಂಜಿನ್ ಚಿನ್ನ ಅಜ್ಜ, ಬಾಡಿ ಸತ್ತೋಗಿದೆ. ಟಾರ್ಪಾಲು ಬಿಗಿದು ಕಟ್ಟಿದ್ದಕ್ಕೇ ಒಳಗೆ ತೇವ ನಿಂತು ತುಕ್ಕು ತಿಂದುಹಾಕಿದೆ" ಎಂದು ಅವರ ಮುಖದ ಮೇಲೇ ಹೇಳಬೇಕಿತ್ತೇ?

ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತ ಮೇಲೆ, ಸಮುದ್ರದ ಗಾಳಿ ತಾಗದಿರಲೆಂದು ದಿನವೂ ಆ ಹಗ್ಗ ಬಿಗಿಯುತ್ತಿದ್ದವರು ಅವರು. ನೀನು ಹೋದ ಮೇಲೆ ಗಂಜಿ ಮುಟ್ಟಲಿಲ್ಲ.

"ನಾನೇ ಕೊಂದೆ ಕಣೇ ಎಫಿ" ಅಂದರು.

"ಕೊಂದಿದ್ರೆ ಪೊಲೀಸ್ರು ಬರ್ತಿದ್ರು. ಗಂಜಿ ಕುಡೀರಿ" ಅಂದೆ. ನಗಲಿಲ್ಲ.

ಇವತ್ತು ತಾವಾಗಿಯೇ, "ಹುಡುಗ ತಗೊಂಡ್ ಹೋಗ್ಲಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ತೆಗೆದುಕೋ. ಆದರೆ ಎಳೆದುಕೊಂಡು ಹೋಗಬೇಡ. ಇಲ್ಲೇ ನಮ್ಮ ಷೆಡ್ಡಿನಲ್ಲಿ, ಅವರ ಕೈಯಿಂದಲೇ ಎಂಜಿನ್ ಬಿಚ್ಚಿಸು. ತಡವಾದರೆ ಆಗಲಿ. ಬೋಲ್ಟು ಕೈಜಾರಿದರೆ ಸುಮ್ಮನೆ ಹೆಕ್ಕಿಕೊಡು. ಆ ಎಂಜಿನ್ ನಿನ್ನ ಹೊಸ ಕಾರಿನಲ್ಲಿ ಮೊದಲ ಸಲ ಹೊರಡುವಾಗ ಪಕ್ಕದ ಸೀಟಿನಲ್ಲಿ ಅವರಿರಬೇಕು.

ಇದನ್ನೆಲ್ಲ ನಾನು ಹೇಳಿದರೆ ಕನಿಕರ ಅಂದುಕೊಳ್ಳುತ್ತಾರೆ. ಹಾಗಾಗಿ, ಅಜ್ಜ ಜೊತೆಗಿಲ್ಲದೆ ನಿನ್ನಿಂದ ಆಗುವುದಿಲ್ಲ ಎಂದು ಅವರಿಗೆ ನಿನ್ನ ಕೈಯಲ್ಲೇ ಬರೆ. ಓದಿ ಹೇಳುವವಳು ನಾನಿದ್ದೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಆ ಕಾಗದ ಇಲ್ಲಿರಬೇಕು.

ನಿನ್ನ ಅಜ್ಜಿ,
ಎಫಿ