ಅಕ್ಕಿ ತುಂಬಿದೆ

ಜೂನ್ 23, ಸೋಮವಾರ. ಬೆಳಿಗ್ಗೆ 6.10

ಟೀ ಇಲ್ಲ. ಹಾಲು ತರುವುದು ಮರೆತೆ. ನಿನ್ನೆ ಉಪ್ಪು ಮರೆತಿದ್ದೆ. ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್ಸ್ ಮಾತ್ರ ರೆಡಿ — ಮೇಷ್ಟ್ರ ಬುದ್ಧಿ.

ಮುನಿಲಕ್ಷ್ಮಿ ತವರಿಗೆ ಹೋಗಿ ಎಂಟು ದಿನ. ರಾಯಲ್ಪಾಡು ದೂರವೇನಲ್ಲ, ಶ್ರೀನಿವಾಸಪುರದಿಂದ ಒಂದೇ ಬಸ್ಸು. ದಿನಾ ಸಂಜೆ ನನ್ನ ಕಣ್ಣೆದುರೇ ಹೊರಡುತ್ತದೆ. ಹತ್ತುವುದಿಲ್ಲ.

ತಪ್ಪು ನನ್ನದೇ. ಅವತ್ತು ಹೆಡ್‌ಮಾಸ್ಟರು, ಇನ್ನಿಬ್ಬರು ಮೇಷ್ಟ್ರು ಮನೆಗೆ ಬಂದಿದ್ದರು. ಅವಳು ಅಡುಗೆಮನೆಯಿಂದ ಇಣುಕಿ, ನನ್ನಿಂದಲೇ ಕಲಿತ ಇಂಗ್ಲಿಷಿನಲ್ಲಿ "ಮಿಲ್ಕ್ ಈಸ್ ರನ್ ಔಟೆಡ್" ಅಂದಳು. ಬಾಯಿ ಮುಚ್ಚಿಕೊಂಡು ಹಾಲು ತರಬಹುದಿತ್ತು. ಎಲ್ಲರೆದುರು ತಿದ್ದಿದೆ. ಹಾಲೇನು ಬ್ಯಾಟಿಂಗಿಗೆ ಹೋಗಿತ್ತಾ ಅಂತ ಕೇಳಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. "ಹೋಗ್ತೀನಿ" ಅಂದಳು. ಎರಡು ವರ್ಷದಲ್ಲಿ, ತರಕಾರಿಗೆ ಹೋಗುವಾಗಲೂ "ಬರ್ತೀನಿ" ಅಂದೇ ಹೊರಡುತ್ತಿದ್ದವಳು.

ಜೂನ್ 27, ಶುಕ್ರವಾರ

ಅವಳ ಇಂಗ್ಲಿಷ್ ನೋಟ್‌ಬುಕ್ ಸಿಕ್ಕಿತು, ಗೋಧಿಹಿಟ್ಟಿನ ಡಬ್ಬದ ಹಿಂದೆ. ಕೊನೆಯ ಪುಟದಲ್ಲಿ "ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್." ಹತ್ತು ಸಲ. ತಪ್ಪು ಮಾಡಿದ ಮಕ್ಕಳಿಗೆ ನಾನು ಬರೆಸುವ ಹಾಗೆ. ಮೇಲಿನ ತಾರೀಖು ಹೋಗುವ ಹಿಂದಿನ ದಿನದ್ದು. ಹತ್ತೂ ಸರಿ.

ಊಟ ಸೇರಲಿಲ್ಲ. ಅವಳು ಬೇಕು. ಇದಕ್ಕೆ ಯಾವ ಭಾಷೆಯ ವ್ಯಾಕರಣವೂ ಬೇಡ.

ಜುಲೈ 3, ಗುರುವಾರ

ಅತ್ತೆ ರಾಮಲಕ್ಷ್ಮಮ್ಮ ಫೋನ್ ಮಾಡಿದ್ದರು. ಅವರಿಗೆ ತೆಲುಗು ಬಿಟ್ಟು ಬೇರೆ ಬಾರದು. ಮಾಲೂರಿನ ನನಗೆ ಸಿನಿಮಾ ತೆಲುಗು ಬಿಟ್ಟು ಬೇರೆ ತೆಲುಗು ಬಾರದು. ಚೆನ್ನಾಗಿದ್ದೀಯಾ ಅಂದರು. ಆಮೇಲೆ ಒಂದೇ ಮಾತು — "ಇಂಟ್ಲೋ ಬಿಯ್ಯಂ ನಿಂಡುಕುನ್ನಾಯಿ ನಾಯ್ನಾ." ಇಟ್ಟುಬಿಟ್ಟರು.

ಬಿಯ್ಯಂ ಅಂದರೆ ಅಕ್ಕಿ. ನಿಂಡು ಅಂದರೆ ತುಂಬು. ಮನೆಯಲ್ಲಿ ಅಕ್ಕಿ ತುಂಬಿದೆ. ಪ್ರತಿ ವರ್ಷ ಮಾಲೂರಿನ ನಮ್ಮ ಗದ್ದೆಯ ಅಕ್ಕಿ ಒಂದು ಮೂಟೆ ಅವರಿಗೆ ಕೊಡುತ್ತೇನೆ. ಈ ಸಲ ಬೇಡ ಅಂತ ತಾನೇ? ಮಗಳಿಗೆ ಅನ್ನ ಹಾಕಲು ನಮಗೆ ಗೊತ್ತು, ನೀನು ಬರಬೇಡ ಅಂತ. ಎಷ್ಟು ಮರ್ಯಾದೆಯಿಂದ ಬಾಗಿಲು ಹಾಕಿದರು.

ಜುಲೈ 21, ಸೋಮವಾರ

ಬರೆಯಲು ಏನೂ ಇರಲಿಲ್ಲ.

ಯೂನಿಟ್ ಟೆಸ್ಟ್ ಪೇಪರ್ ತಿದ್ದುತ್ತಿದ್ದೇನೆ. "ವಿ ಹ್ಯಾವ್ ರನ್ ಔಟ್ ಆಫ್ ರೈಸ್" — ಅರ್ಥ ಬರೆಯಿರಿ. ರಂಜಿತ ಅನ್ನುವ ಜಾಣ ಹುಡುಗಿ "ನಮ್ಮ ಮನೆಯಲ್ಲಿ ಅಕ್ಕಿ ತುಂಬಿದೆ" ಅಂತ ಬರೆದಿದ್ದಾಳೆ. ಪೂರ್ತಿ ಉಲ್ಟಾ. ಸೊನ್ನೆ ಹಾಕಿದೆ.

ಜುಲೈ 22, ಮಂಗಳವಾರ. ಸಂಜೆ

ರಂಜಿತ ಪೇಪರ್ ಹಿಡಿದು ಸ್ಟಾಫ್‌ರೂಮಿಗೆ ಬಂದಳು. ಅವಳಿಗೆ ಕೋಪ, ನನಗೆ ನಗು.

"ಸರಿಯಾಗೇ ಬರ್ದಿದೀನಿ ಸಾರ್. ನಮ್ಮನೇಲಿ ಅಕ್ಕಿ ಮುಗೀತು ಅಂದ್ರೆ ಅಜ್ಜಿ ಬೈತಾರೆ, ಅಪಶಕುನ ಅಂತ. ನಿಂಡುಕುನ್ನಾಯಿ ಅನ್ಬೇಕು. ತುಂಬಿದೆ ಅಂದ್ರೆ ಖಾಲಿ ಅಂತ ಸಾರ್."

ನಗು ಅಲ್ಲೇ ನಿಂತಿತು. ಇನ್ನೊಂದು ಸಲ ಹೇಳಿಸಿದೆ. ಉಪ್ಪು, ಅರಿಶಿನ, ಕುಂಕುಮಕ್ಕೂ ಹಾಗೇ ಅನ್ನುತ್ತಾರಂತೆ.

ನಮ್ಮಮ್ಮನೂ ದೀಪ ಆರಿಸು ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಅನ್ನುತ್ತಿದ್ದಳು. ಮುನಿಲಕ್ಷ್ಮಿಯೂ ಅಕ್ಕಿ ಮುಗೀತು ಅಂದವಳಲ್ಲ. "ಅಕ್ಕಿ ತರ್ಬೇಕು" ಅನ್ನುತ್ತಿದ್ದಳು, ಅಷ್ಟೇ. ಗಮನಿಸಿದ್ದರೆ ತಾನೇ.

ಹತ್ತೊಂಬತ್ತು ದಿನ. ಅವರು ಕರೆದಿದ್ದಾರೆ. ನಾನು ಇಲ್ಲಿ ಕೂತು ಮುನಿಸಿಕೊಂಡಿದ್ದೇನೆ.

ರಂಜಿತಳ ಸೊನ್ನೆ ಹೊಡೆದುಹಾಕಿ ಫುಲ್ ಮಾರ್ಕ್ಸ್ ಕೊಟ್ಟೆ. ನಾಳೆ ಮಾಲೂರು, ಅಣ್ಣನ ಹತ್ತಿರ, ಅಕ್ಕಿಗೆ.

ಜುಲೈ 26, ಶನಿವಾರ. ರಾಯಲ್ಪಾಡು

ಇಪ್ಪತ್ತೈದು ಕೆಜಿ ಮೂಟೆ. ಬಸ್ ಸ್ಟಾಪಿನಿಂದ ಹೆಗಲ ಮೇಲೆಯೇ ಹೊತ್ತು ತಂದೆ. ದಾರಿಯುದ್ದಕ್ಕೂ ಅಲ್ಲುಡು ಬಂದ, ಅಳಿಯ ಬಂದ ಅಂತ ಜನ ನೋಡುತ್ತಿದ್ದರು. ನೋಡಲಿ.

ಅತ್ತೆ ಡ್ರಮ್ಮಿನ ಮುಚ್ಚಳ ತೆಗೆದರು. ಕಂಠಮಟ್ಟ ಅಕ್ಕಿ. ನಾನು ಅಕ್ಕಿಯನ್ನು ನೋಡಿದೆ, ಅವರನ್ನು ನೋಡಿದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೊರಟುಹೋದರು.

ಮುನಿಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ಸ್ವಲ್ಪ ಸೊರಗಿದ್ದಾಳೆ.

"ಅಮ್ಮನ ಕೈಲಿ ಹೇಳ್ಸಿದ್ದು ನಾನೇ" ಅಂದಳು. "ಅಕ್ಕಿ ನೆಪಕ್ಕಾದ್ರೂ ಬರ್ತೀರಾ ಅಂತ. ದಿನಾ ಬಸ್ ಟೈಮಿಗೆ ಬಾಗಿಲಿಗೆ ಬರ್ತಿದ್ದೆ."

"ಅರ್ಥ ಆಗ್ಲಿಲ್ಲ ಕಣೇ."

"ಎಲ್ಲಾರ್ ಮಾತೂ ತಿದ್ತೀರ. ಅರ್ಥ ಮಾತ್ರ ಆಗಲ್ಲ."

ತಪ್ಪಾಯಿತು ಅಂದೆ. ಊಟಕ್ಕೆ ಕೂತಾಗ ಕೇಳದೆಯೇ ಎರಡನೇ ಸಲ ಅನ್ನ ಬಡಿಸಿದಳು.

ಜುಲೈ 27, ಭಾನುವಾರ. ಬೆಳಿಗ್ಗೆ 6.30

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆ ಬಸ್ಸಿಗೆ ಒಂದು ಟಿಕೆಟ್ಟೋ ಎರಡೋ... ಕೇಳಲು ಧೈರ್ಯ ಬಂದಿಲ್ಲ.

ಒಳಗಿನಿಂದ ಕೂಗುತ್ತಿದ್ದಾಳೆ, ಬೀದಿಗೆಲ್ಲ ಕೇಳುವ ಹಾಗೆ. "ರೀ, ಮಿಲ್ಕ್ ಈಸ್ ರನ್ ಔಟೆಡ್."

ಹಿತ್ತಿಲಲ್ಲಿ ಎರಡು ಹಸು ಕಟ್ಟಿರುವ ಮನೆ ಇದು. ಯಾವ ಮನೇಲಿ ಅಂತ ಕೂಗಿ ಕೇಳಿದೆ.

"ನಮ್ಮನೇಲಿ. ಸಾಯಂಕಾಲ ಇಳಿದ ತಕ್ಷಣ ತಗೋಬೇಕು, ಮರೀಬೇಡಿ."

ವ್ಯಾಕರಣ ಪೂರ್ತಿ ತಪ್ಪು. ಒಳಗೆ ಹೋಗಿ ಇನ್ನೊಂದು ಸಲ ಹೇಳಿಸಬೇಕು, ಹತ್ತಿರದಿಂದ —